ಸೀರೆಯ ಬೆನ್ನು

ಪದ್ಮಾವತಿಯವರೇ, ನಿಮ್ಮನ್ನು ಸುಳ್ಳುಗಾರ್ತಿ ಮಾಡಿದವನು ನಾನು. ಬರಬೇಕಿದ್ದ ಕೆಲಸ ನಿಮ್ಮ ಕೈತಪ್ಪಿದ್ದೂ ನನ್ನ ಒಂದು ಮಾತಿನಿಂದ. ಆರು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಈಗ ಎಲ್ಲರೂ ಓದುವ ಈ ಜಾಲಪುಟದಲ್ಲೇ, ನಿಮ್ಮ ಹಳೆಯ ಟಿಪ್ಪಣಿಯ ಕೆಳಗೇ ಬರೆಯುತ್ತಿದ್ದೇನೆ.

ಬೇರೆಯವರೂ ಓದುವುದರಿಂದ ಹೇಳಬೇಕು — ನಾನು ಸಾಸಲು ಕಡೆಯ ರಾಗಿ ಹೊಲದವರ ಮನೆಯವನು, ದೊಡ್ಡಬಳ್ಳಾಪುರದಲ್ಲಿ ಗಣಿತ ಮೇಷ್ಟ್ರಾಗಿದ್ದವನು. ಮಗ್ಗದ ಮುಂದೆ ಒಂದು ದಿನ ಕೂತವನಲ್ಲ. ಆದರೂ ಸೀರೆಯ ಚಿತ್ತಾರವನ್ನು ಮಗ್ಗಕ್ಕೆ ಒಪ್ಪುವಂತೆ ಬದಲಿಸುವ ತಂತ್ರಾಂಶವೊಂದನ್ನು ಬರೆದೆ. ಯಾರು ಬೇಕಾದರೂ ಬಳಸಬಹುದು, ಕೋಡ್ ಓದಬಹುದು, ತಪ್ಪು ತೋರಿಸಬಹುದು ಎಂದು ಮೊದಲ ಪುಟದಲ್ಲೇ ಸಾರಿದ್ದೆ. ತೋರಿಸಿಯೇ ಬಿಡುತ್ತಾರೆ ಎಂದು ಎಣಿಸಿರಲಿಲ್ಲ.

ಜರಿಯ ಎಳೆ ಎಲ್ಲೂ ಕಟ್ಟು ಬೀಳದೆ ತೀರಾ ಉದ್ದ ಹಾಯ್ದರೆ ಸಡಿಲವಾಗಿ ನೇತಾಡುತ್ತದೆ. ನನ್ನ ಹೊಸ ಕೋಡ್ ಅದನ್ನು ಸೀರೆಯ ಮುಂಬದಿಯಲ್ಲಿ ಮಾತ್ರ ಪರೀಕ್ಷಿಸುತ್ತಿತ್ತು. ವಿದ್ಯುತ್ ಮಗ್ಗ ನಡೆಸುವ ಮನೆಯ ಹೆಣ್ಣುಮಗಳಾದ ನೀವು ಅದರ ಕೆಳಗೆ ಬರೆದಿರಿ: "ಸರ್, ನೀವು ಮುಂದುಗಡೆ ನೋಡ್ತಿದ್ದೀರ. ನೇಯೋವಾಗ ನಮ್ಮ ಕಣ್ಣಿಗೆ ಬೀಳೋದು ಹಿಂದುಗಡೆ. ಅಲ್ಲೂ ಚೆಕ್ ಮಾಡ್ಬೇಕು, ಇಲ್ದಿದ್ರೆ ಉಡೋರ ಕಾಲುಂಗುರಕ್ಕೆ ಸಿಕ್ಕಾಕೊಳ್ಳುತ್ತೆ. ಫೋಟೊ ಹಾಕಿದ್ದೀನಿ, ನೋಡಿ ಸರ್."

ಫೋಟೊ ನಾನು ತೆರೆಯಲಿಲ್ಲ. ಉತ್ತರ ಮಾತ್ರ ರಾಜಗಾಂಭೀರ್ಯದಿಂದ ಬರೆದೆ: "ಟಿಪ್ಪಣಿಯನ್ನು ಸಭೆಯು ಗೌರವಪೂರ್ವಕವಾಗಿ ಆಲಿಸಿತು. ಸೀರೆಯ ಬೆನ್ನನ್ನು ದೇವರೂ ನೋಡುವುದಿಲ್ಲವಾದ್ದರಿಂದ ಪ್ರಕರಣ ಮುಕ್ತಾಯ." 'ಬಗೆಹರಿದಿದೆ' ಎಂಬ ಗುಂಡಿ ಒತ್ತಿ ಚರ್ಚೆ ಮುಚ್ಚಿದೆ. ಇನ್ನಿಬ್ಬರು ನಗುವ ಮುಖದ ಚಿತ್ರ ಹಾಕಿದರು. ನಾನು ಖುಷಿಪಟ್ಟೆ — ಅದನ್ನೂ ಒಪ್ಪಿಕೊಳ್ಳಬೇಕು.

ಎರಡು ತಿಂಗಳ ಮೇಲೆ, ಆ ತಂತ್ರಾಂಶದಿಂದಲೇ ಮೂಡಿದ ಸೀರೆಯನ್ನು ನನ್ನಾಕೆ ಉಟ್ಟಳು. ನಡುಮನೆಯಲ್ಲಿ ಮುಗ್ಗರಿಸಿ ಗೋಡೆ ಹಿಡಿದುಕೊಂಡಳು.

"ರೀ, ಯಾವ ಪುಣ್ಯಾತ್ಮ ಮಾಡಿದ್ದು ಈ ಡಿಸೈನು? ಕಾಲುಂಗುರ ಹಿಡ್ಕೊಂಡು ಬಿಡ್ತಾನೇ ಇಲ್ವಲ್ಲ!"

ಪುಣ್ಯಾತ್ಮ ಕತ್ತರಿ ತಂದು ಎಳೆ ಕತ್ತರಿಸಿದ. ನಲವತ್ತು ವರ್ಷದ ದಾಂಪತ್ಯದಲ್ಲಿ ಆಕೆಯ ಕಾಲು ಹಿಡಿದದ್ದು ಅದೇ ಮೊದಲು. ಹಿಡಿಯಬೇಕಾಗಿದ್ದುದು ನಿಮ್ಮದು — ಅದು ಆಗಲೇ ಗೊತ್ತಿತ್ತು. ಆ ವಾರವೇ ಹಿಂಬದಿಯ ಪರೀಕ್ಷೆಗೆ ಆರು ಸಾಲು ಬರೆದು ಸೇರಿಸಿದೆ. ನನ್ನ ಹೆಸರಲ್ಲಿ. ನಿಮ್ಮ ಹೆಸರು ಎಲ್ಲೂ ಇಲ್ಲ.

ಆಮೇಲೆ ಬೆಂಗಳೂರಿನ ಸೀರೆ ವಿನ್ಯಾಸದ ಕಂಪನಿಯೊಂದರಿಂದ ಫೋನ್ ಬಂತು. "ಪದ್ಮಾವತಿ ಅಂತ ಕೆಲಸಕ್ಕೆ ಬಂದಿದ್ದಾರೆ ಸರ್. ಆ ಹಿಂಬದಿ ಚೆಕ್ ನಾನು ಹೇಳಿದ್ದು, ಕೋಡೂ ಬರ್ಕೊಟ್ಟಿದ್ದೆ ಅಂತಾರೆ. ಹೌದಾ?"

ಹೌದು ಎಂದರೆ ಸಾಕಿತ್ತು. ನಾನು ಹೇಳಿದ್ದು: "ಅವರು ಬರೆದ ಕೋಡಿನ ಒಂದು ಸಾಲನ್ನೂ ನಾನು ನೋಡಿಲ್ಲ."

ಎಂಥ ನಿಖರವಾದ ವಾಕ್ಯ! ಒಂದಕ್ಷರವೂ ಸುಳ್ಳಲ್ಲ. ಗಣಿತ ಮೇಷ್ಟ್ರಿಗೆ ಮಾತ್ರ ಸಾಧ್ಯ, ಅಷ್ಟು ಅಚ್ಚುಕಟ್ಟಾಗಿ —

ಕೆಲಸ ನಿಮಗೆ ಸಿಗಲಿಲ್ಲ. ನೀವು ಮತ್ತೆ ಇಲ್ಲಿ ಬರೆಯಲೂ ಇಲ್ಲ.

ಇಲ್ಲಿ ಹೆಸರಿನ ಪಕ್ಕದ ಚಿತ್ರದಿಂದ ಇಬ್ಬರಿಗೂ ಮುಖ ಗೊತ್ತಿತ್ತು; ಹೋದ ತಿಂಗಳು ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಲ್ಲಿ ನೀವೇ ಗುರುತು ಹಿಡಿದು ಬಂದಿರಿ. ನಾನು ಕಂಬದ ಮರೆಗೆ ಸರಿಯುತ್ತಿದ್ದೆ.

"ಚೆನ್ನಾಗಿದ್ದೀರಾ ಸರ್? ನಮ್ಮನೇಲೂ ನಿಮ್ ಸಾಫ್ಟ್‌ವೇರೇ ಹಾಕಿದ್ದೀವಿ. ಈಗ ದಾರ ಸಿಕ್ಕಾಕೊಳ್ಳಲ್ಲ. ಒಂದು ಬುಟ್ಟಾ ಮುಗ್ದು ಇನ್ನೊಂದು ಶುರುವಾಗೋ ಕಡೆ ಮಾತ್ರ, ಒಂದೊಂದ್ಸಲ."

"ಕೋಡ್ ಬರೀತೀರೇನಮ್ಮ ಈಗಲೂ?"

"ಎಲ್ಲಿ ಸರ್. ಬಿಟ್ಬಿಟ್ಟೆ." ಬಸ್ಸು ಬಂತು. ಹತ್ತುವಾಗ ತಿರುಗಿ ಕೇಳಿದಿರಿ: "ಆವತ್ತು ಫೋಟೊ ನೋಡಿದ್ರಾ ಸರ್?"

"ನೋಡಿದ್ದೆ" ಎಂದೆ. ಈ ಸಲ ನಿಖರತೆಯೂ ಇರಲಿಲ್ಲ.

ಮನೆಗೆ ಬಂದು ತೆರೆದೆ. ಒಂದರಲ್ಲಿ ನಿಮ್ಮ ತಾಯಿಯ ಪಾದವಿರಬೇಕು — ಕಾಲುಂಗುರ, ಜಗ್ಗಿದ ಜರಿ ಎಳೆ. ಇನ್ನೊಂದರಲ್ಲಿ ಚಿತ್ತಾರ ಬರೆಯುವ ಗೆರೆಚೌಕದ ಹಾಳೆ; ಅದರ ಮೇಲೆ ಪೆನ್ಸಿಲಿನಲ್ಲಿ, ಅಳಿಸಿ ತಿದ್ದಿ, ಏಳು ಸಾಲು ಕೋಡ್. ಮೊದಲ ಆರು ನಾನು ಆಮೇಲೆ ಬರೆದವೇ. ಏಳನೆಯದು ಒಂದು ಬುಟ್ಟಾ ಮುಗಿದು ಇನ್ನೊಂದು ಶುರುವಾಗುವ ಜಾಗವನ್ನು ನೋಡುತ್ತದೆ. ಅದು ನನಗೆ ಹೊಳೆದೇ ಇರಲಿಲ್ಲ. ಆರು ವರ್ಷದಿಂದ ಸೀರೆಗಳು ಆ ಒಂದು ಸಾಲಿಲ್ಲದೆ ಹೋಗುತ್ತಿವೆ.

ನಾನು ಆವತ್ತು ಹೇಳಿದ್ದು ಸತ್ಯವಲ್ಲ ಎಂದು ಕಂಪನಿಗೆ ಬರೆದಿದ್ದೇನೆ. ಅದರಿಂದ ನಿಮಗೆ ಈಗ ಏನು ಬಂತು — ಗೊತ್ತಿಲ್ಲ. ನಿಮ್ಮ ಏಳೂ ಸಾಲುಗಳನ್ನು ನಿಮ್ಮ ಹೆಸರಲ್ಲಿ ಇಲ್ಲಿ ಇಟ್ಟಿದ್ದೇನೆ. ನಿಮ್ಮ ಒಪ್ಪಿಗೆಯಿಲ್ಲದೆ ತಂತ್ರಾಂಶಕ್ಕೆ ಸೇರಿಸಿದರೆ ಅದು ಎರಡನೆಯ ಕಳ್ಳತನವಾಗುತ್ತದೆ. ಹಾಳೆಯಿಂದ ನಕಲು ಮಾಡುವಾಗ ನಾನು ತಪ್ಪಿರಬಹುದು. ನೋಡಿ, ತಿದ್ದಿ, ಬೇಡವೆಂದರೆ ಬೇಡವೆನ್ನಿ. ನೀವು ಏನೂ ಬರೆಯದಿದ್ದರೆ ಈ ಪುಟ ಹೀಗೇ ತೆರೆದಿರುತ್ತದೆ.

'ಬಗೆಹರಿದಿದೆ' ಗುಂಡಿ ನಾನು ಒತ್ತುವುದಿಲ್ಲ.