ರಸ್ತೆಗೆ ತೋರಿಸಿದ ಕೆಂಪು ಬಾವುಟ

ಕಂಡದ್ದಕ್ಕೆ ಕಾರಣ ಹೊಳೆಯದಿದ್ದರೆ ಇನ್ನೊಮ್ಮೆ ನೋಡು ಎಂದು ತರಗತಿಯಲ್ಲಿ ಹೇಳುತ್ತಿದ್ದವಳು ನಾನು. ದಾರಿಯಲ್ಲಿ ಗಾಳಿ ಸೋಕಿತು, ಯಾರೋ ಅಡ್ಡ ನಿಂತರು ಎನ್ನುತ್ತ ತಡವಾಗಿ ಬಂದ ಮಕ್ಕಳನ್ನು ಬಾಗಿಲ ಹೊರಗೇ ನಿಲ್ಲಿಸುತ್ತಿದ್ದೆ. ಅಂಥವಳ ಕಣ್ಣೆದುರಿಗೇ ಇದು ನಡೆಯಿತು. ನಿಮ್ಮನ್ನು ಬೆದರಿಸಲು ಬರೆಯುತ್ತಿಲ್ಲ. ವರ್ಷಗಳು ಕಳೆದ ಮೇಲೂ ನನ್ನಲ್ಲಿ ಹೆದರಿಕೆಗಿಂತ ಸಿಟ್ಟೇ ಹೆಚ್ಚಾಗಿ ಉಳಿದಿದೆ, ಅದಕ್ಕಾಗಿ ಬರೆಯುತ್ತಿದ್ದೇನೆ.

ಸ್ವಯಂ ನಿವೃತ್ತಿ ಪಡೆದ ಮೇಲೆ ನಾನು ಯಶವಂತನಗರದ ಈಚೆಗಿರುವ ನಮ್ಮ ಊರಿಗೆ ಬಂದು, ಅಕ್ಕನ ಜೊತೆ ಇದ್ದೇನೆ. ಊರಿಗೂ ಡಾಂಬರು ರಸ್ತೆಗೂ ನಡುವೆ ಒಂದೇ ಜೋಡಿ ಹಳಿ. ಗುಡ್ಡದ ಕಡೆಯಿಂದ ಅದಿರು ತುಂಬಿಕೊಂಡು ಹೊಸಪೇಟೆಯತ್ತ ಇಳಿಯುವ ಗೂಡ್ಸ್ ಗಾಡಿಗಳಿಗಾಗಿ ಹಾಕಿದ ಮಾರ್ಗವದು. ಕೆಲವು ದಿನ ಒಂದು ಗಾಡಿ ಬರುತ್ತದೆ, ಕೆಲವು ದಿನ ಅದೂ ಇಲ್ಲ. ಸಂಜೆ ಮೋರಿಯ ಕಟ್ಟೆಯ ಮೇಲೆ ಕುಳಿತು ಅವುಗಳನ್ನು ನೋಡುವುದು ನನಗೆ ಅಭ್ಯಾಸವಾಯಿತು. ಅಕ್ಕ ಅಣಕಿಸುತ್ತಿದ್ದಳು: “ಗಂಡನ ದಾರಿ ಕಾಯೋರೂ ಇಷ್ಟ್ ಕಾಯಂಗಿಲ್ಲ ಬಿಡವ್ವಾ.”

ನಮ್ಮ ಗೇಟಿಗೆ ಕಾಯುವವನಿಲ್ಲ. ಗಾಡಿಯೇ ಗೇಟಿನ ಮುಂದೆ ಬಂದು ನಿಲ್ಲುತ್ತದೆ. ಅದರಿಂದ ಒಬ್ಬ ಇಳಿದು, ಎರಡೂ ಬದಿಯ ಅಡ್ಡಪಟ್ಟಿಗಳನ್ನು ಇಳಿಸಿ, ಸರಪಳಿಗೆ ಬೀಗ ಹಾಕಿ, ಎಂಜಿನ್ ಚಾಲಕನಿಗೆ ಹಸಿರು ಬಾವುಟ ತೋರಿಸುತ್ತಾನೆ. ಗಾಡಿ ದಾಟಿ ಮತ್ತೆ ನಿಲ್ಲುತ್ತದೆ. ಆತ ಗೇಟು ತೆರೆದು, ಹಿಂದಿನ ಡಬ್ಬಿ ಹತ್ತಿಕೊಂಡು ಹೋಗುತ್ತಾನೆ. ರಸ್ತೆಯಲ್ಲಿ ನಿಂತವರ ಕಡೆ ಅವನು ತಿರುಗಿಯೂ ನೋಡುವುದಿಲ್ಲ. ಬಾವುಟವಂತೂ ಗಾಡಿಗೇ ಹೊರತು ಜನರಿಗಲ್ಲ. ಎಷ್ಟೋ ಸಲ ನೋಡಿದ್ದರಿಂದ ಈ ಕ್ರಮದಲ್ಲಿ ನನಗೆ ಯಾವ ಸಂದೇಹವೂ ಇಲ್ಲ. ಗಾಡಿಯಿಲ್ಲದೆ ಆ ಗೇಟು ಮುಚ್ಚುವುದಿಲ್ಲ.

ಅಂದು ಮಧ್ಯಾಹ್ನದಿಂದಲೇ ಅಕ್ಕನಿಗೆ ಉಬ್ಬಸ ಏರಿತ್ತು. ತಾಡಪಾಲು ಕಟ್ಟದೆ ಓಡುವ ಲಾರಿಗಳ ಕೆಂಪು ಧೂಳನ್ನು ನುಂಗಿ ನುಂಗಿ ಅವಳ ಎದೆ ಹಾಗಾಗಿದೆ. ಯಾರಿಗೆ ಹೇಳಿದರೂ ಲಾರಿ ನಿಲ್ಲಲಿಲ್ಲ, ತಾಡಪಾಲೂ ಬರಲಿಲ್ಲ. ಹೊತ್ತು ಮುಳುಗುವ ಸಮಯಕ್ಕೆ ಅವಳ ತುಟಿ ಬಣ್ಣಗೆಟ್ಟಿತು. ನಮ್ಮ ಬೀದಿಯಲ್ಲೇ ಇರುವ, ಆಟೋ ಓಡಿಸುವ ಹುಸೇನಪ್ಪನನ್ನು ಕೂಗಿದೆ. ನನ್ನ ಹಳೆಯ ವಿದ್ಯಾರ್ಥಿ ಅವನು. “ಸಂಡೂರಿಗೆ ಹೋಗಾಮು ಟೀಚರ್, ಜಲ್ದಿ ಕುಂದ್ರಿಸ್ರಿ” ಎಂದು ಹೊರಟ.

ಗೇಟು ಮುಚ್ಚಿತ್ತು.

ಗಾಡಿ ನಿಂತಿರಲಿಲ್ಲ. ಸಿಳ್ಳೆ ಕೇಳಿರಲಿಲ್ಲ. ಅಡ್ಡಪಟ್ಟಿಯ ಆಚೆ, ಹಳಿಗೆ ಸ್ವಲ್ಪ ಈಚೆ, ಎರಡು ಬಾವುಟಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಒಬ್ಬ ನಮಗೆ ಬೆನ್ನು ಮಾಡಿ ನಿಂತಿದ್ದ.

“ರೀ, ಗೇಟ್ ತಗೀರಿ. ಒಳಗ ಪೇಷಂಟ್ ಅದಾರ” ಎಂದು ಹುಸೇನಪ್ಪ ಕೂಗಿದ.

ನಾನು ಇಳಿದು ಹೋದೆ. ಮೊದಲು ಬಹುವಚನದಲ್ಲೇ ಕೇಳಿದೆ. ಗಾಡಿ ಎಲ್ಲಿದೆ, ಯಾರು ಮುಚ್ಚಲು ಹೇಳಿದರು, ಬೀಗದ ಕೈ ಯಾರ ಬಳಿ ಇದೆ. ಅವನು ಅಲುಗಲಿಲ್ಲ. ಆಟೋದಲ್ಲಿ ಅಕ್ಕನ ಉಸಿರು ಗರಗಸ ಎಳೆದಂತೆ ಕೇಳುತ್ತಿತ್ತು. ಶಾಲೆಯಲ್ಲಿ ಯಾವ ಮಗುವಿಗೂ ಆಡದ ಮಾತು ನನ್ನ ಬಾಯಿಂದ ಬಂತು: “ಕಿವಿ ಸತ್ತಾವೇನಲೇ ನಿಂಗ? ಇಕಿ ಇಲ್ಲೇ ಸತ್ರ ನೀ ಹೊರ್ತೀಯೇನು?”

“ಟೀಚರ್, ಬಿಡ್ರಿ. ಅತ್ತಾಗ ಯಾವುದಾರ ಬಂಡಿ ಸಿಗತೈತಿ” ಎಂದ ಹುಸೇನಪ್ಪ. ಆಟೋವನ್ನು ಅಲ್ಲೇ ಬಿಟ್ಟು, ಅಕ್ಕನನ್ನು ನಡೆಸಿಕೊಂಡು ಹಳಿ ದಾಟುವುದೆಂದು ತೀರ್ಮಾನಿಸಿದೆವು. ಅವಳ ಒಂದು ತೋಳು ನನ್ನ ಹೆಗಲ ಮೇಲೆ, ಇನ್ನೊಂದು ಅವನ ಹೆಗಲ ಮೇಲೆ. ಮೂವರೂ ಬಗ್ಗಿ ಪಟ್ಟಿಯ ಕೆಳಗೆ ನುಸುಳಿದೆವು. ಆಗ ಆ ಮನುಷ್ಯ, ತಿರುಗದೆಯೇ, ಕೆಂಪು ಬಾವುಟವನ್ನು ಬಿಚ್ಚಿ ನಮ್ಮೆದುರಿಗೆ ಅಡ್ಡ ಹಿಡಿದ.

ನಾನು ಅದನ್ನು ಕಿತ್ತುಕೊಳ್ಳಲು ಕೈ ನೀಡಿದೆ. ಅಷ್ಟರಲ್ಲಿ ಕಾಲ ಕೆಳಗಿನ ನೆಲ ನಡುಗಿತು.

ಅದಿರಿನ ಡಬ್ಬಿಗಳು ಬಂದವು. ಎಂಜಿನ್ ಇರಬೇಕಾದ ಜಾಗದಲ್ಲೂ ಡಬ್ಬಿಯೇ ಇತ್ತು. ದೀಪವಿಲ್ಲ, ಸಿಳ್ಳೆಯಿಲ್ಲ, ಮನುಷ್ಯರಿಲ್ಲ. ಗುಡ್ಡದ ಇಳಿಜಾರಿನಲ್ಲಿ ತಾವಾಗಿಯೇ ಉರುಳಿ, ನಮ್ಮ ಮುಖಕ್ಕೆ ಗಾಳಿ ಬಡಿದು, ಒಂದರ ಹಿಂದೆ ಒಂದು ದಾಟಿಹೋದವು. ಧೂಳು ಕಣ್ಣಿಗೆ ತುಂಬಿ ನಾವು ಮುಖ ಮುಚ್ಚಿಕೊಂಡೆವು. ಕಣ್ಣು ಬಿಟ್ಟಾಗ ಅವನಿರಲಿಲ್ಲ. ಎರಡೂ ಅಡ್ಡಪಟ್ಟಿಗಳು ಮೇಲೆದ್ದಿದ್ದವು. ಸರಪಳಿ ಎಂದಿನಂತೆ ಕಂಬಕ್ಕೆ ಜೋತುಬಿದ್ದಿತ್ತು. ಹುಸೇನಪ್ಪ ಓಡಿಹೋಗಿ ಆಟೋ ತಂದ. ಸಂಡೂರಿನ ಆಸ್ಪತ್ರೆಯಲ್ಲಿ ಮೂಗಿಗೆ ಮಾಸ್ಕ್ ಹಾಕಿ ಔಷಧದ ಹಬೆ ಕೊಟ್ಟ ಮೇಲೆ ಅಕ್ಕ ಉಸಿರಾಡಿದಳು.

ಮರುದಿನ ನಾನೇ ಹೋಗಿ ಹಳಿ ನೋಡಿದೆ. ನಾಲ್ಕಾರು ದಿನ ಗಾಡಿ ಬಾರದೆ ಹಿಡಿದಿದ್ದ ತುಕ್ಕು ಉಜ್ಜಿಹೋಗಿತ್ತು. ಗೇಟಿನ ಹತ್ತಿರ ಹಳಿಯ ಪಕ್ಕದ ಸಂದಿನಲ್ಲಿ ತುಂಬಿದ್ದ ಮಣ್ಣನ್ನು ಚಕ್ರಗಳು ಕೊಯ್ದುಹಾಕಿದ್ದವು. ಡಬ್ಬಿಗಳು ಬಂದದ್ದು ನಿಜ. ಮುಂದಿನ ಏರಿನಲ್ಲಿ ನಿಂತಿರಬೇಕು, ಬೆಳಗಾಗುವುದರೊಳಗೆ ಯಾರೋ ಎಳೆದುಕೊಂಡು ಹೋಗಿರಬೇಕು.

ರೈಲ್ವೆ ಕಚೇರಿಗೆ ಹೋಗಿ ಕೇಳಿದರೆ, ಮೇಜಿನ ಹಿಂದಿನ ಮನುಷ್ಯ ನನ್ನನ್ನು ಕುಳಿತುಕೊಳ್ಳಿ ಎಂದೂ ಹೇಳಲಿಲ್ಲ. “ನಿನ್ನೆ ಸಂಜಿ ಆ ಲೈನಿನ್ಯಾಗ ಗಾಡೀನ ಇಲ್ಲ ಮೇಡಂ. ಗಾಡಿ ಇಲ್ಲಂದ್ಮ್ಯಾಲ ಗೇಟ್ ಹಾಕೋನು ಎಲ್ಲಿಂದ ಬಂದ?” ಎಂದ. ಉಜ್ಜಿದ ಹಳಿಯ ವಿಷಯ ಹೇಳಿದೆ. ನಕ್ಕ.

ಊರಿನವರು ಅದಕ್ಕೆ ತದ್ವಿರುದ್ಧ. ಅವರಿಗೆ ಡಬ್ಬಿಗಳ ವಿಷಯವೇ ಬೇಡವಾಯಿತು. ಬಾವುಟದವನು ಮಾತ್ರ ಬೇಕಾದ. ಕಂಬದ ಬುಡಕ್ಕೆ ಒಂದು ಕಲ್ಲು ನೆಟ್ಟು ಕುಂಕುಮ ಹಚ್ಚಿದರು. ಎಂಜಿನ್ ಇಲ್ಲದ ಡಬ್ಬಿಗಳನ್ನು ನಮ್ಮ ಮೇಲೆ ಉರುಳಿಬಿಟ್ಟವರು ಯಾರು ಎಂದು ಕೇಳೋಣ ಬನ್ನಿ ಎಂದರೆ ಒಬ್ಬರೂ ಬರಲಿಲ್ಲ. ಖಾಯಂ ಗೇಟ್‌ಮನ್ ಬೇಕೆಂದು ನಾನೊಬ್ಬಳೇ ಮತ್ತೆ ಕಚೇರಿಗೆ ಹೋದೆ. ಕಲ್ಲಿನ ಸುದ್ದಿ ಅಲ್ಲಿಗೂ ಮುಟ್ಟಿತ್ತು. “ಪಗಾರ ಇಲ್ದ ಕಾಯೋನು ಒಬ್ಬ ಅದಾನಲ್ರಿ ನಿಮ್ಗ” ಎಂದು ಅದೇ ಮನುಷ್ಯ ಹೇಳಿದ. ಇಂದಿಗೂ ಆ ಗೇಟಿಗೆ ಕಾಯುವವನಿಲ್ಲ.

ಅಕ್ಕ ಅಲ್ಲಿಗೆ ಊದಿನಕಡ್ಡಿ ಒಯ್ಯುತ್ತಾಳೆ. “ಉಳಿಸಿದೋನಿಗೆ ಕೈ ಮುಗಿಯಾಕ ನಿನ್ನ ಸಿಟ್ಟು ಅಡ್ಡ ಬರ್ತೈತೇನು?” ಎಂದು ಜಗಳವಾಡುತ್ತಾಳೆ. ಹೌದು, ಬರುತ್ತದೆ. ಕಲ್ಲಿಗೆ ಕೈ ಮುಗಿದರೆ ಆ ಕಚೇರಿಯವನ ಮಾತಿಗೆ ಸಹಿ ಹಾಕಿದಂತೆ.

ಈಗಲೂ ಸಂಜೆ ಕಟ್ಟೆಯ ಮೇಲೆ ಕೂರುತ್ತೇನೆ. ಗಾಡಿ ನಿಲ್ಲುತ್ತದೆ, ಒಬ್ಬ ಇಳಿಯುತ್ತಾನೆ, ಗೇಟು ಹಾಕಿ ಎಂಜಿನ್ನಿನ ಕಡೆಗೆ ಬಾವುಟ ತೋರಿಸುತ್ತಾನೆ. ರಸ್ತೆಗೆ ತೋರಿಸಿದವರನ್ನು ಆಮೇಲೆ ನಾನು ಕಂಡಿಲ್ಲ. ಅಂದು ಅವನು ನಮಗೇ ಏಕೆ ತೋರಿಸಿದ ಎಂಬುದು ಬಹಳ ತಡವಾಗಿ ಹೊಳೆಯಿತು: ಆ ಡಬ್ಬಿಗಳಲ್ಲಿ ಬಾವುಟ ನೋಡುವವರು ಯಾರೂ ಇರಲಿಲ್ಲ. ನಿಲ್ಲಬಲ್ಲವರು ನಾವು ಮಾತ್ರ. ಆದರೆ ಅವು ಇನ್ನೂ ಕಣ್ಣಿಗೇ ಬೀಳದಿದ್ದಾಗ ಅವನಿಗೆ ಅದು ಹೇಗೆ ಗೊತ್ತಿತ್ತು? ಗೊತ್ತಿದ್ದವನು ಬಾಯಿಬಿಟ್ಟು ಒಂದು ಮಾತು ಏಕೆ ಹೇಳಲಿಲ್ಲ? ಇನ್ನೊಮ್ಮೆ ನೋಡೋಣವೆಂದು ಕುಳಿತೇ ಇದ್ದೇನೆ.