ಮೀನೆಣ್ಣೆ ಕುಡಿದ ಗಿಟಾರ್

ಇವತ್ತು ಕುಮಟೆಯ ನಮ್ಮ ಪಕ್ಕದ ಮನೆಯಲ್ಲಿ ಬಾಗಿಲುಗಳಿಗೆ ಹೊಳಪು ಬರಲೆಂದು ಲ್ಯಾಕರ್ ಹೊಡೆಯುತ್ತಿದ್ದರು. ವಾರದಿಂದ ನಿದ್ದೆ ಮಾಡದ, ನನಗೂ ಮಾಡಲು ಬಿಡದ ನನ್ನ ಮಗುವಿಗೆ ಆ ವಾಸನೆ ತಾಗಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿ ಕೂತೆ. ಹಾಗೆ ಕೂತಾಗ ಹೊನ್ನಾವರದ ಚಿಕ್ಕಪ್ಪ ನೆನಪಾದ.

ನಾನು ಚಿಕ್ಕವಳಿದ್ದಾಗ ಅವನಿಗೆ ಮೀನು ಹಿಡಿಯುವ ದೋಣಿ ಕೆಲಸ ಸಾಕಾಗಿತ್ತು. ಭಟ್ಕಳದ ಒಂದು ಆರ್ಕೆಸ್ಟ್ರಾ ಸೇರುವ ಆಸೆಯಿಂದ ಹಳೆಯ ಎಲೆಕ್ಟ್ರಿಕ್ ಗಿಟಾರ್ ತಂದಿದ್ದ. ಬಣ್ಣ ಕಿತ್ತುಹೋದ ಗಿಟಾರ್ ಹಿಡಿದು ಸ್ಟೇಜ್ ಹತ್ತಬೇಡ ಎಂದು ಆರ್ಕೆಸ್ಟ್ರಾದವರು ಹೇಳಿದ್ದರಂತೆ. ಮೀನುಗಾರಿಕೆ ನಿಂತ ಮಳೆಗಾಲದಲ್ಲಿ ಅದನ್ನು ಮರ ಕಾಣುವಷ್ಟು ಉಜ್ಜಿದ. ದೋಣಿಯ ಹಲಗೆಗೆ ಸವರುವ ಹಾಗೆ, ಕೈರೂಢಿಯಲ್ಲಿ, ಮೊದಲು ಮೀನೆಣ್ಣೆ ಸವರಿದ. ಅದರ ಮೇಲೆ ಲ್ಯಾಕರ್. ಅವನು ಬಾಗಿಲು ಮುಚ್ಚಿಕೊಂಡು ಹೊಡೆಯುತ್ತಿದ್ದ ಕೋಣೆಯಲ್ಲಿ ನಾನೂ ಸಿಕ್ಕಿಬಿದ್ದೆ.

“ಬಾಗ್ಲು ತೆಗೀಬೇಡ ಮಗಾ. ಧೂಳು ಕೂತ್ರೆ ಎಲ್ಲಾ ಹೋತು” ಎಂದ.

ಹೊರಗಿನಿಂದ ಅಜ್ಜಿ ಕೂಗಿದಳು, “ಎಂತದೋ ಆ ವಾಸ್ನೆ? ಹುಡ್ಗಿನಾದ್ರೂ ಹೊರಗೆ ಬಿಡೋ.”

ನಾಲ್ಕು ದಿನವಾದರೂ ಗಿಟಾರ್ ಬೆರಳಿಗೆ ಅಂಟುತ್ತಿತ್ತು. ಆಮೇಲೆ ಲ್ಯಾಕರ್ ಹಾಲಿನ ಕೆನೆಯಂತೆ ಎದ್ದು ಬಂತು. ಮತ್ತೆ ಉಜ್ಜಿ ಹೊಡೆದರೂ ಅದೇ ಕಥೆ. ಮರ ಎಣ್ಣೆ ಕುಡಿದಾಗಿತ್ತು, ಅದರ ಮೇಲೆ ಲ್ಯಾಕರ್ ಹಿಡಿಯುತ್ತಿರಲಿಲ್ಲ.

“ದೋಣಿ ಅಂದ್ಕಂಡೆ ಅಲ್ವನಾ? ಇನ್ನು ಸಮುದ್ರಕ್ಕೇ ಬಿಡು” ಎಂದು ಅಪ್ಪ ನಕ್ಕ.

ಚಿಕ್ಕಪ್ಪ ನಗಲಿಲ್ಲ. “ಬರೋ ಮಳೆಗಾಲಕ್ಕೆ ಸರಿ ಮಾಡ್ತೆ” ಎಂದ. ಮಳೆ ಮುಗಿದ ಮೇಲೆ ದೋಣಿ ಹತ್ತಿದವನು ಈಗಲೂ ಅದರಲ್ಲೇ ಇದ್ದಾನೆ.

ಸಂಜೆ ಅವನಿಗೆ ಫೋನ್ ಮಾಡಿದೆ. “ಕಾಲೇಜಲ್ಲಿ ಪಾಠ ಮಾಡ್ತೆ ಅಂತಿದ್ದೆ, ಹೋಗೂದು ಯಾವಾಗ ಮಗಾ?” ಎಂದು ಕೇಳಿದ.

“ಮಗು ಸ್ವಲ್ಪ ದೊಡ್ಡದಾಗ್ಲಿ ಚಿಕ್ಕಪ್ಪ” ಎಂದೆ.

“ನಾನೂ ಬರೋ ಮಳೆಗಾಲಕ್ಕೆ ಅಂದಿದ್ದೆ ಮಗಾ” ಎಂದ.