ದರ್ಜಿಯ ಕನ್ನಡಿ

ನಾನು ಓದು ಬಿಟ್ಟದ್ದು ೧೯೪೬ರಲ್ಲಿ. ದುಡಿದು, ಚಾಮರಾಜಪೇಟೆಯಲ್ಲಿ ಸ್ವಂತ ಹೊಲಿಗೆ ಅಂಗಡಿ ಹಾಕಿದೆ. ಪಕ್ಕದಂಗಡಿಯ ದರ್ಜಿಯದು ಮರಾಠಿ ಮನೆಮಾತು. ಟೆಂಟಿಗೆ ಮರಾಠಿ ಚಿತ್ರ ಬಂದರೆ ನಮಗೆಲ್ಲ ಅವರೇ ಅರ್ಥ ಹೇಳುತ್ತಿದ್ದರು. ಒಂದು ಚಿತ್ರದಲ್ಲಿ ನಾಯಕನಿಗೆ ಕನ್ನಡಿಯೊಳಗೆ ಸತ್ತ ಹೆಂಡತಿ ಕಂಡಳು. ನಾವು ಕಿರುಚಿದೆವು. ಅವರು ಮೀಸೆ ತಿರುವಿ, "ದೆವ್ವ ಗಿವ್ವ ಏನಿಲ್ಲ ಕಣ್ರೋ, ಎಲ್ಲಾ ಅವನ ಮನಸ್ಸು" ಎಂದರು.

ಮರುದಿನ ಅವರ ಅಂಗಡಿಯ ನಿಲುವುಗನ್ನಡಿಯ ಮೇಲೆ ಹಳೇ ಸೀರೆ ಬಿತ್ತು. ಹೊಸ ಕೋಟು ತೊಟ್ಟ ಗಿರಾಕಿ, "ಕನ್ನಡಿ ಎಲ್ರೀ?" ಎಂದರೆ, "ನಾನು ನೋಡ್ತಿಲ್ವೇ? ಚೆನ್ನಾಗಿದೆ, ಹೋಗ್ಬನ್ನಿ" ಎನ್ನುವರು. ಗಿರಾಕಿಗಳು ನನ್ನ ಕನ್ನಡಿ ನೋಡಲು ಬಂದವರು ಇಲ್ಲೇ ಅಳತೆ ಕೊಟ್ಟರು. ಕೊನೆಗೆ ಆ ದರ್ಜಿ ಅಂಗಡಿ ಮುಚ್ಚಿ, ಕನ್ನಡಿಯನ್ನು ನನಗೇ ಒಪ್ಪಿಸಿ, "ಹೆದರ್ಬೇಡಿ, ಎಲ್ಲಾ ಮನಸ್ಸು" ಎಂದರು.

ಈಗ ನನಗೆ ಮೂರು ಮೆಷಿನ್, ಒಂದು ಇಸ್ತ್ರಿಪೆಟ್ಟಿಗೆ, ಎರಡು ಕನ್ನಡಿ. ಅವರದು ಗೋಡೆಗೆ ಮುಖ ಮಾಡಿದೆ.